ಕೋಣೆಯ ಉಷ್ಣತೆ

ಕಿಟಕಿ ತೆಗೆದ ಕೂಡಲೇ ಕೋಣೆ ತಣ್ಣಗಾಗುವುದಿಲ್ಲ ಎಂಬುದು ಇಲ್ಪೋ ಹೌಕಿಪುರೋಗೆ ನಲವತ್ತು ದಾಟಿದ ಮೇಲೆ, ಅದೂ ಬಡಗಣ ದೇಶದ ಔಲು ಊರಿನ ಫೆಬ್ರವರಿಯಲ್ಲಿ, ಹೊಸದಾಗಿ ತಿಳಿಯಿತು. ಆಚೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ನಿಂತಿತ್ತು. ಆದರೆ ಒಳಗೆ ಬರಲು ಅದಕ್ಕೇನೋ ಸಂಕೋಚ, ಹೊಸಿಲಲ್ಲೇ ನಿಂತು ಬೂಟಿನ ಹಿಮ ಕೊಡವುತ್ತಿರುವ ನೆಂಟನಂತೆ. ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಯನ್ನು ಅವನು ಬಂದವನೇ ತಿರುಪಿ ನಿಲ್ಲಿಸಿದ್ದ. ಅದು ಶಾಖ ಬಿಟ್ಟುಕೊಡಲು ಮನಸ್ಸಿಲ್ಲದೆ ಟಿಕ್ ಟಿಕ್ ಎಂದು ಗೊಣಗುತ್ತಿತ್ತು. ಕೋಟು ತೊಟ್ಟೇ ಪ್ರಯೋಗಶಾಲೆಯ ನಡುವೆ ನಿಂತು ಉಷ್ಣಮಾಪಕ ನೋಡಿದ. ಹದಿನಾರು. ಒಂಬತ್ತಕ್ಕೆ ಇಳಿಯಬೇಕು. ಅತಿಥಿಗಳು ಬರುವಷ್ಟರಲ್ಲಿ ಇಳಿಯಬೇಕು, ಅವರು ಬಂದ ಮೇಲೂ ಇಳಿದೇ ಇರಬೇಕು. ಇದರಲ್ಲಿ ತಪ್ಪೇನಿದೆ ಎಂದು ತನ್ನನ್ನೇ ಕೇಳಿಕೊಂಡ. ಕಿಟಕಿ ತೆಗೆಯುವುದನ್ನು ಯಾವ ದೇಶದ ಕಾನೂನೂ ಅಪರಾಧವೆಂದಿಲ್ಲ. ಅವನನ್ನೇ ಅವನ ಅಮ್ಮ ಕೂಸಾಗಿದ್ದಾಗ ತಳ್ಳುಗಾಡಿಯಲ್ಲಿ ಸುತ್ತಿ ಮಲಗಿಸಿ, ಮಧ್ಯಾಹ್ನದ ನಿದ್ದೆಗೆಂದು ಹಿಮದ ಅಂಗಳದಲ್ಲಿ ಬಿಟ್ಟು ಬರುತ್ತಿದ್ದಳು. ಒಳ್ಳೆ ಗಾಳಿ, ಒಳ್ಳೆ ನಿದ್ದೆ. ಇವತ್ತು ಅವನು ಮಾಡುತ್ತಿರುವುದೂ ಅಷ್ಟೆ, ಒಂದು ಬಿಲ್ಲೆಯನ್ನು ಒಳ್ಳೆ ಗಾಳಿಗೆ ಬಿಡುತ್ತಿದ್ದಾನೆ. ಹೀಗೆಂದುಕೊಂಡು ಮತ್ತೆ ಉಷ್ಣಮಾಪಕ ನೋಡಿದ.

ಬೆಳಿಗ್ಗೆ ಹೆಂಡತಿ ಏಳುವ ಮುಂಚೆಯೇ ಎದ್ದು ಅವನು ಪಾತ್ರೆ ತೊಳೆದಿದ್ದ. ಮುಸುರೆ ಪಾತ್ರೆ ಮುಗಿದ ಮೇಲೆ ಕಪಾಟಿನಲ್ಲಿದ್ದ ತೊಳೆದ ಪಾತ್ರೆಗಳನ್ನೂ ಇಳಿಸಿಕೊಂಡು ತೊಳೆದಿದ್ದ. ಹೆಲ್ವಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಬಾಯಿ ಬಿಡಲೊಲ್ಲದವರ ಬಾಯಿ ಬಿಡಿಸುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಒರೆಸಿ ಸಾಲಾಗಿಟ್ಟ ಬಟ್ಟಲುಗಳನ್ನು ಒಂದೊಂದಾಗಿ ನೋಡಿ, "ಏನ್ ಮಾಡ್ಕೊಂಡು ಬಂದಿದೀಯಾ?" ಎಂದಳು. ಏನೂ ಇಲ್ಲ ಅಂದ. "ಹೇಳೋದಿದ್ರೆ ಇವತ್ತೇ ಹೇಳು. ನಾಳೆ ನಂಗೆ ಪುರುಸೊತ್ತಿಲ್ಲ, ನಾಡಿದ್ದು ತಂಗಿ ಬರ್ತಾಳೆ." ಅವನು ಒರೆಸಿದ ಬಟ್ಟಲನ್ನೇ ಮತ್ತೆ ಒರೆಸಿದ. ಅವಳು ರೈ ರೊಟ್ಟಿಗೆ ಬೆಣ್ಣೆ ಹಚ್ಚಿ ನಿಂತೇ ತಿಂದು, ಅವನ ಮುಖವನ್ನು ಹುಳುಕು ಹುಡುಕುವವಳ ಹಾಗೆ ಒಮ್ಮೆ ನೋಡಿ, ಹೊರಟುಹೋದಳು. ಹೇಳುವುದಾದರೂ ಏನನ್ನು? ಇನ್ನೊಬ್ಬ ಹೆಂಗಸಿನ ಸಂಗವಾಗಿದೆ ಎಂದಿದ್ದರೆ ಅವಳಿಗೆ ಅರ್ಥವಾಗುತ್ತಿತ್ತು. ಕೋಟಿನ ಗುಂಡಿಯಷ್ಟಗಲದ ಪಿಂಗಾಣಿ ಬಿಲ್ಲೆಯೊಂದರ ಎದುರು ತಾನು ಮಾನ ಕಳೆದುಕೊಂಡ ಕತೆಯನ್ನು ಹಲ್ಲುಜ್ಜುವ ಹೊತ್ತಿನಲ್ಲಿ ಯಾರಿಗೆ ಹೇಳುವುದು?

ಬೇರಿಯಂ, ಸ್ಟ್ರಾನ್ಷಿಯಂ, ಟೈಟೇನಿಯಂಗಳ ಪುಡಿಗೆ ಮೆಗ್ನೀಷಿಯಾ ಬೆರೆಸಿ, ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು, ಎರಡೂ ಮುಖಕ್ಕೆ ಬೆಳ್ಳಿ ಬಳಿದ ಬಿಲ್ಲೆ ಅದು. ವೋಲ್ಟೇಜು ಕೊಟ್ಟರೆ ತನ್ನ ಸ್ವಭಾವ ಬದಲಿಸಿಕೊಳ್ಳುತ್ತದೆ. ಆಗ ಅದನ್ನು ಒಡಲಲ್ಲಿಟ್ಟುಕೊಂಡ ರೇಡಿಯೋ ಒಂದು ತರಂಗ ಬಿಟ್ಟು ಇನ್ನೊಂದಕ್ಕೆ ಹೊರಳುತ್ತದೆ, ಹತ್ತು ಬಿಡಿಭಾಗಗಳ ಕೆಲಸವನ್ನು ಒಂದೇ ಮಾಡುತ್ತದೆ. ಸ್ವಭಾವ ಎಷ್ಟು ಬದಲಾಯಿತು ಎಂಬ ಶೇಕಡಾ ಲೆಕ್ಕಕ್ಕೆ ಪ್ರಯೋಗಶಾಲೆಯಲ್ಲಿ ಬಾಗು ಎನ್ನುತ್ತಿದ್ದರು. ಬಾಗು ಹೆಚ್ಚಿತೆಂದರೆ ಬಿಲ್ಲೆ ತರಂಗವನ್ನೇ ನುಂಗಿ ಬಿಸಿಯಾಗುತ್ತದೆ. ನುಂಗಬಾರದೆಂದು ಮೆಗ್ನೀಷಿಯಾ ಸುರಿದರೆ, ಬಾಗುವುದನ್ನೇ ಮರೆತು ಬಚ್ಚಲುಮನೆಯ ಹಂಚಿನಂತೆ ಬಿದ್ದಿರುತ್ತದೆ. ಬಾಗಬೇಕು, ಬಿಸಿಯಾಗಬಾರದು, ಅಂಥ ವಸ್ತುವನ್ನು ಯಾರೂ ಇನ್ನೂ ಮನಸ್ಸಿಗೊಪ್ಪುವಂತೆ ಮಾಡಿರಲಿಲ್ಲ. ಬಾಗುವುದರ ಮಟ್ಟಿಗೆ ಇಲ್ಪೋ ತಾನೇ ಒಂದು ದಾಖಲೆ. ಯಾರಾದರೂ ಏನಾದರೂ ಕೇಳಿದರೆ ಇಲ್ಲ ಎನ್ನುವುದು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಮೂರು ಸಂಘಗಳಿಗೆ ಕಾರ್ಯದರ್ಶಿಯಾಗಿದ್ದ. ಅದರಲ್ಲೊಂದು ಸಂಘ ಏತಕ್ಕಿದೆಯೆಂದು ಅವನಿಗೆ ಈಗಲೂ ತಿಳಿಯದು. ಬಾಗಿಲಿಗೆ ಬಂದ ಒಬ್ಬ ಮಾರಾಟಗಾರನಿಂದ ಕಸ ಹೀರುವ ಯಂತ್ರ ಕೊಂಡಿದ್ದ. ಮುಂದಿನ ವರ್ಷ ಅದೇ ಮನುಷ್ಯ ಬಂದಾಗ, ಈಗಾಗಲೇ ಇದೆ ಎಂದರೆ ಅವನಿಗೆ ಬೇಜಾರಾದೀತೆಂದು ಇನ್ನೊಂದು ಕೊಂಡಿದ್ದ. ಹೀಗೆ ಬಾಗಿದಾಗಲೆಲ್ಲ ಒಳಗೆ ಬಿಸಿಯಾಗುತ್ತಿದ್ದುದು ಅವನಿಗೊಬ್ಬನಿಗೇ ಗೊತ್ತು, ಸ್ವಲ್ಪ ಹೆಲ್ವಿಗೆ.

ನವೆಂಬರಿನಲ್ಲಿ ಈ ಕೋಣೆಯ ಬಿಸಿನೀರಿನ ಕೊಳವೆ ಕೆಟ್ಟಿತ್ತು. ರಿಪೇರಿಯವರು ಬರಲಿಲ್ಲ. ಕಾಯುವುದು ಬೇಡವೆಂದು ಕೋಟು ತೊಟ್ಟು, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸಿನಲ್ಲಿ ಹೊಸ ಬಿಲ್ಲೆಯ ಬಾಗು ಅಳೆದ. ನಲವತ್ತು. ತಂತಿ ಬಿಚ್ಚಿ ಜೋಡಿಸಿ ಮತ್ತೆ ಅಳೆದ. ನಲವತ್ತು, ಮತ್ತು ತರಂಗ ನುಂಗಿದ್ದು ಇಲ್ಲವೆಂಬಷ್ಟು ಕಡಿಮೆ. ಓಡಲಿಲ್ಲ, ಆ ವಿಭಾಗದಲ್ಲಿ ಯಾರೂ ಓಡುವುದಿಲ್ಲ. ನಡೆದೇ ಹೋಗಿ ಪ್ರೊಫೆಸರ್ ರೌಹಾ ವಹ್ತೊಲಾಗೆ ಹೇಳಿದ. ಅರವತ್ತು ದಾಟಿದ ರೌಹಾ ಸಭೆಯಲ್ಲಿ, ಪರೀಕ್ಷೆಯಲ್ಲಿ, ಮಂತ್ರಿಗಳ ಭಾಷಣದಲ್ಲಿ ಕೂಡ ಕಾಲುಚೀಲ ಹೆಣೆಯುವವಳು. ಅವತ್ತು ಕಡ್ಡಿಗಳನ್ನು ಮಡಿಲಲ್ಲಿಟ್ಟು ಹೂಂ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೂಂ ಅಂದಳು. ಅವಳಲ್ಲಿ ಎರಡು ಹೂಂ ಎಂದರೆ ಬೇರೆ ಕಡೆ ತಬ್ಬಿಕೊಂಡು ಅತ್ತ ಹಾಗೆ. ಪ್ರಬಂಧವನ್ನು ಇಬ್ಬರೂ ಸೇರಿ ಬರೆದರು. ಕೋಣೆಯ ಉಷ್ಣತೆಯಲ್ಲಿ ಅಳೆಯಲಾಗಿದೆ ಎಂಬ ಸಾಲು ಇಲ್ಪೋನದೇ. ಎಲ್ಲರೂ ಬರೆಯುವ ಸಾಲು, ಕೈ ತಾನಾಗಿ ಬರೆದಿತ್ತು. ರೌಹಾ ಅದನ್ನು ಜಪಾನಿನ ಸಮ್ಮೇಳನದಲ್ಲಿ ಓದಿ ಬಂದಳು. ಅವಳ ಕೋಣೆಯ ಮುಂದೆ ಹಾದುಹೋಗುವಾಗ ಫೋನಿನಲ್ಲಿ ಯಾರಿಗೋ, ನಮ್ಮ ಇಲ್ಪೋ ಮಾಡಿದ್ದು, ನಮ್ಮ ಇಲ್ಪೋ, ಎಂದು ಹೇಳುತ್ತಿದ್ದುದು ಕೇಳಿಸಿತು. ಅವನು ಗೋಡೆಗೆ ಒರಗಿ ನಿಂತುಬಿಟ್ಟ. ತಾನು ಯಾರಿಗಾದರೂ 'ನಮ್ಮ' ಆದದ್ದು ಅವನಿಗೆ ನೆನಪಿರಲಿಲ್ಲ. ಅಪ್ಪ ಅವನನ್ನು ಕೊನೆಯವರೆಗೂ 'ಆ ಹುಡುಗ' ಎಂದೇ ಕರೆದಿದ್ದ.

ಕೊಳವೆ ರಿಪೇರಿಯಾದ ಮೇಲೆ ಅದೇ ಬಿಲ್ಲೆ ಹದಿನಾಲ್ಕು ತೋರಿಸಿತು. ಬೆಳ್ಳಿ ಕೆರೆದು ಹೊಸದಾಗಿ ಬಳಿದ. ಹದಿನಾಲ್ಕು. ಯಂತ್ರವನ್ನು ಬೈದ, ತಂತಿಯನ್ನು ಬೈದ, ಕುಲುಮೆಯನ್ನು ಅನುಮಾನಿಸಿದ. ಒಂದು ಮಧ್ಯಾಹ್ನ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಾಗ, ಅಂಗೈಯ ಬಿಸುಪು ತಾಕಿದಾಗ, ಗೊತ್ತಾಯಿತು. ಗೊತ್ತಾದದ್ದಲ್ಲ, ಮೊದಲೇ ಗೊತ್ತಿದ್ದುದು ಎದ್ದು ಬಂದು ಕಪಾಳಕ್ಕೆ ಬಾರಿಸಿತು. ಈ ಜಾತಿಯ ಪಿಂಗಾಣಿ ಬಾಗುವುದು ಒಂದು ಚಳಿಯ ಆಸುಪಾಸಿನಲ್ಲಿ, ಈ ಬಿಲ್ಲೆಗೆ ಒಂಬತ್ತು ಡಿಗ್ರಿಯ ಆಸುಪಾಸಿನಲ್ಲಿ, ಬೆಚ್ಚಗಾದರೆ ಸೋಮಾರಿಯಾಗುತ್ತದೆ. ಮೊದಲ ವರ್ಷದ ಹುಡುಗರಿಗೆ ಹೇಳಿಕೊಡುವ ಪಾಠ. ಹೇಳಿಕೊಟ್ಟವನೂ ಅವನೇ. ಎಂಟು ವರ್ಷದ ಹಿಂದೆ ಕಾಯಿಸು ಎಂಬ ವಿದ್ಯಾರ್ಥಿನಿ ಅಳತೆಯ ಪಕ್ಕದಲ್ಲಿ ಉಷ್ಣತೆ ಬರೆಯುವುದನ್ನು ಮರೆತಿದ್ದಳು. ಇಡೀ ತರಗತಿಯ ಮುಂದೆ ಅವಳ ಹಾಳೆಯನ್ನು ಎತ್ತಿ ಹಿಡಿದು, ಉಷ್ಣತೆ ಬರೆಯದ ಅಳತೆ ಅಳತೆಯಲ್ಲ, ಗಾಳಿಸುದ್ದಿ, ಎಂದಿದ್ದ. ಆ ಮಾತು ತನಗೇ ಇಷ್ಟವಾಗಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಇವತ್ತು ಬೆಳಿಗ್ಗೆ ಕಿಟಕಿ ತೆಗೆಯುವುದಕ್ಕೂ ಮೊದಲು ಮಾಡಿದ ಕೆಲಸ ಅದನ್ನು ಕಿತ್ತು ಮಡಚಿ ಜೇಬಿಗಿಟ್ಟುಕೊಂಡದ್ದು. ಯಾಕೆಂದರೆ ಆ ಕಾಯಿಸು ಈಗ ಫೋನಿನ ಕಂಬಗಳಿಗೆ ಸಲಕರಣೆ ಮಾಡುವ ಕಂಪನಿಯಲ್ಲಿ ಎಂಜಿನಿಯರು, ಮತ್ತು ಬಿಲ್ಲೆಗೆ ಒಪ್ಪಂದ ಮಾಡಿಕೊಳ್ಳುವ ಮುಂಚೆ ಅಳತೆ ನೋಡಲು ಇವತ್ತು ಬರುವ ಇಬ್ಬರು ಅತಿಥಿಗಳಲ್ಲಿ ಒಬ್ಬಳು. ಹೇಳಿಬಿಡಬೇಕೆಂದು ಅವನು ರೌಹಾಳ ಬಾಗಿಲವರೆಗೆ ಹೋಗಿರಲಿಲ್ಲವೆಂದಲ್ಲ. ಒಮ್ಮೆ ಅವಳು ಏಲಕ್ಕಿ ಬನ್ನು ಕೈಗಿಟ್ಟಳು. ಬಾಯಲ್ಲಿ ಬನ್ನಿಟ್ಟುಕೊಂಡು ಹೇಳುವ ವಿಷಯವಲ್ಲ. ಇನ್ನೊಮ್ಮೆ, ವಸಂತಕ್ಕೆ ತನ್ನ ನಿವೃತ್ತಿ, ಹೋಗುವ ಮುಂಚೆ ಇದೊಂದನ್ನು ಕಂಡೆನಲ್ಲ, ಎಂದಳು. ಅವನು ಹೌದು ಎಂದು ವಾಪಸು ಬಂದ.

ಉಷ್ಣಮಾಪಕದಲ್ಲಿ ಹನ್ನೊಂದು, ಹತ್ತು. ಒಂಬತ್ತೂವರೆಗೆ ಇಳಿದಾಗ ರೌಹಾ ಬಂದಳು. ತೆರೆದ ಕಿಟಕಿ ನೋಡಿ, ಗಾಳಿ ಆಡಲಿ ಅಂತಲಾ ಎಂದು ತಾನೇ ಉತ್ತರ ಹೇಳಿಕೊಂಡು, ತನ್ನ ಕೋಣೆಗೆ ಹೋಗಿ ಶಾಲು ಹೊದ್ದು ಬಂದಳು. ಬೇರೆ ಏನೂ ಕೇಳಲಿಲ್ಲ. ಅವಳ ನಂಬಿಕೆ ಅವನಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಹಿಂಸೆ ಕೊಟ್ಟಿತು. ಅತಿಥಿಗಳು ಕೆಳಗಡೆಯೇ ಕೋಟು ತೂಗುಹಾಕಿ ಬಂದಿದ್ದರು, ಮನೆಗೆ ಬಂದವರು ಹಾಗೆಯೇ ಮಾಡುವುದು. ಮುಂದೆ ಓಯ್ವಾ ಹಾಪ್ಸಾರಿ, ಬಾಗಿಲು ತುಂಬುವ ಕೆಂಪು ಮುಖದ ಆಳು, ಕಂಪನಿಯ ವಿಭಾಗಕ್ಕೆ ಮುಖ್ಯಸ್ಥ, ಬರೀ ಅಂಗಿಯಲ್ಲಿ. ಅವನ ಹಿಂದೆ ಬೂದು ಬಣ್ಣದ ತೆಳು ಅಂಗಿಯ ಕಾಯಿಸು. ಇಲ್ಪೋ ಅವಳ ಕೈ ಕುಲುಕಿದ. ತನ್ನ ಕೈಯೇ ಹೆಚ್ಚು ತಣ್ಣಗಿದೆ ಎಂದು ಆಗ ತಿಳಿಯಿತು. ಅವಳು ಕೋಣೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದಳು. ಗೋಡೆಯಲ್ಲಿ ಕಾಗದ ಅಂಟಿದ್ದ ನಾಲ್ಕು ಮೂಲೆಗಳ ಗುರುತಿನ ಮೇಲೆ ಅವಳ ದೃಷ್ಟಿ ನಿಂತಿತೋ ಇಲ್ಲವೋ, ಅವನಿಗೆ ಮಾತ್ರ ನಿಂತ ಹಾಗೆ ಕಂಡಿತು.

ನಾಲ್ವರೂ ಕೂತರು. ಕಾಫಿ ಬಂತು. ಬಟ್ಟಲುಗಳಿಂದ ಹಬೆ ಏಳುವುದನ್ನು ನಾಲ್ವರೂ ನೋಡಿದರು. ಯಾರೂ ಕುಡಿಯಲಿಲ್ಲ, ಕುಡಿದು ಮುಗಿಸಿದರೆ ಕೈ ಕಾಯಿಸಿಕೊಳ್ಳಲು ಏನೂ ಉಳಿಯುವುದಿಲ್ಲವೆಂದು ಎರಡೂ ಕೈಯಲ್ಲಿ ಹಿಡಿದು ಕೂತರು, ಅಷ್ಟರಲ್ಲಿ ಅದೂ ಆರಿತು. ಚಳಿ ಎಂದು ಮೊದಲು ಬಾಯಿಬಿಟ್ಟವನು ಸೋತ ಹಾಗೆ ಎಂಬ ಪಂದ್ಯ ಯಾರೂ ಶುರು ಮಾಡದೆ ಶುರುವಾಗಿತ್ತು. ಓಯ್ವಾನ ಕಿವಿಯ ತುದಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಬಹಳ ಹೊತ್ತಿನ ಮೇಲೆ ಅವನು, ಯಾರನ್ನೂ ನೋಡದೆ, ಹುಡುಗನಾಗಿದ್ದಾಗ ತಮ್ಮ ಶಾಲೆಯಲ್ಲಿ ಶಾಯಿ ಹೆಪ್ಪುಗಟ್ಟುತ್ತಿತ್ತು ಎಂದ. ದೂರಿಗೆ ಅಷ್ಟು ಹತ್ತಿರ ಬಂದ ಮಾತನ್ನು ರೌಹಾ ಬಿಡುವವಳಲ್ಲ. "ನಮ್ಮ ಶಾಲೇಲಿ ಶಾಯಿನೇ ಇರ್ಲಿಲ್ಲ" ಎಂದಳು, ಮತ್ತು ಇನ್ನೂ ಜೋರಾಗಿ ಹೆಣೆದಳು. ಇಲ್ಪೋ ವೋಲ್ಟೇಜು ಏರಿಸಿದ. ಪರದೆಯ ಮೇಲೆ ಹಸಿರು ಅಂಕೆ ಹತ್ತು ದಾಟಿತು, ಇಪ್ಪತ್ತು ದಾಟಿತು, ಮೂವತ್ತೊಂಬತ್ತರಲ್ಲಿ ಒಂದು ಕ್ಷಣ ತಡೆದು ನಲವತ್ತಕ್ಕೆ ಬಂದು ನಿಂತಿತು. ಓಯ್ವಾ ಕುರ್ಚಿ ಎಳೆದುಕೊಂಡು ಮುಂದೆ ಬಾಗಿದ. ರೌಹಾ ತಲೆಯೆತ್ತಿದಳು. ಅವಳ ಮುಖ ಶಾಲೆಯ ಬಹುಮಾನದ ದಿನದ ಹುಡುಗಿಯ ಮುಖವಾಗಿತ್ತು. ಅದನ್ನು ನೋಡಿದ ಇಲ್ಪೋಗೆ, ಆ ಕಿಟಕಿಯಿಂದಲೇ ಹಾರಿಬಿಡೋಣವೇ ಅನ್ನಿಸಿತು. ಕೆಳಗೆ ಹಿಮದ ರಾಶಿಯಿತ್ತು, ಸಾಯುವ ಅನುಕೂಲವೂ ಇರಲಿಲ್ಲ.

ಓಯ್ವಾ ಕೇಳಬೇಕಾದ್ದೆಲ್ಲ ಕೇಳಿದ. ಪುಡಿ ಎಷ್ಟು ಹೊತ್ತು ಅರೆಯುತ್ತೀರಿ, ಕುಲುಮೆ ಎಷ್ಟು ಬಿಸಿ, ಬೆಳ್ಳಿಯ ಬದಲು ತಾಮ್ರ ಆಗುತ್ತದೆಯೇ. ಕುಲುಮೆಯ ಬಿಸಿ ಕೇಳಿದವನಿಗೆ ಕೋಣೆಯ ಬಿಸಿ ಕೇಳಬೇಕೆಂದು ಹೊಳೆಯಲಿಲ್ಲ. ಕಾಯಿಸು ಏನೂ ಕೇಳದೆ ಕೂತಿದ್ದಳು. ಅವಳು ತಲೆಯೆತ್ತಿದಾಗಲೆಲ್ಲ ಇಲ್ಪೋನ ಕಿವಿಗೆ, ಉಷ್ಣತೆ ಎಷ್ಟು, ಎಂದು ಕೇಳಿಸುತ್ತಿತ್ತು. ಅವಳು ಮೂಗೊರೆಸಿಕೊಳ್ಳಲು ತಲೆಯೆತ್ತಿದ್ದಳು ಅಷ್ಟೆ. ಅವಳಿಗೆ ಕೊಡಬೇಕಾದ ಉತ್ತರವನ್ನು ಅವನು ವಾರದಿಂದ ಬಾಯಿಪಾಠ ಮಾಡಿದ್ದ: ಕೋಣೆಯ ಉಷ್ಣತೆ. ಸುಳ್ಳೇನಲ್ಲ, ಯಾವ ಕೋಣೆ, ಎಂಥ ಕೋಣೆ ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಕೊನೆಗೆ ಅವಳು ಕೈಯೆತ್ತಿದಳು, ಎಂಟು ವರ್ಷದ ಹಿಂದೆ ಮೂರನೆಯ ಸಾಲಿನಲ್ಲಿ ಎತ್ತುತ್ತಿದ್ದ ಹಾಗೆಯೇ, ಮೊಳಕೈ ಮೇಜಿಗೆ ಊರಿ. 

"ಇಲ್ಪೋ, ನಂಗೆ ಚಳಿ ಆಗ್ತಿದೆ. ಕಿಟಕಿ ಹಾಕ್ಬಹುದಾ?"

ಓಯ್ವಾ ಮತ್ತು ರೌಹಾ ಇಬ್ಬರೂ ಅವಳ ಕಡೆ ತಿರುಗಿದರು. ಆ ನೋಟದಲ್ಲಿ ಸೋತವಳ ಮೇಲಿನ ತಿರಸ್ಕಾರವೂ, ಬದುಕಿಸಿದವಳ ಮೇಲಿನ ಕೃತಜ್ಞತೆಯೂ ಇದ್ದವು. ಇಲ್ಪೋನ ಹತ್ತಿರ ಸುಳ್ಳುಗಳಿಗೇನೂ ಬರವಿರಲಿಲ್ಲ. ಬಣ್ಣದ ವಾಸನೆ ಇದೆ ಎನ್ನಬಹುದಿತ್ತು, ಚಿಲಕ ಹೆಪ್ಪುಗಟ್ಟಿದೆ ಎನ್ನಬಹುದಿತ್ತು. ಅವೆಲ್ಲ ನಾಲಿಗೆಯ ತುದಿಗೆ ಬಂದು ಸಾಲುಗಟ್ಟುವ ಮೊದಲೇ ಅವನ ಕಾಲು ಎದ್ದು ನಿಂತಿತ್ತು. ಯಾರೋ ಏನೋ ಕೇಳಿದ್ದಾರೆ, ಕೊಡಬೇಕು. ಕಿಟಕಿ ಹಾಕಿದ. "ಎದ್ದಿದೀಯಲ್ಲ, ಆ ಕೊಳವೇನೂ ಸ್ವಲ್ಪ ತಿರುಗಿಸ್ಬಿಡು" ಎಂದ ಓಯ್ವಾ. ಅದನ್ನೂ ತಿರುಗಿಸಿದ. ಅಳೆಯುವ ಮೇಜು ಇದ್ದದ್ದು ಕೊಳವೆಯ ಮೇಲೆಯೇ. ಬಂದು ಕೂತವನು ವೋಲ್ಟೇಜಿನ ಗುಂಡಿಯ ಮೇಲೆ ಕೈಯಿಟ್ಟ; ಆರಿಸಿಬಿಟ್ಟರೆ ಅಂಕೆಯೇ ಇರುವುದಿಲ್ಲ, ನಲವತ್ತು ನಲವತ್ತಾಗಿಯೇ ಎಲ್ಲರ ತಲೆಯಲ್ಲಿ ಉಳಿಯುತ್ತದೆ. ಕಾಯಿಸು ಅವನ ಕೈಯನ್ನೇ ನೋಡುತ್ತ, "ಇರ್ಲಿ, ಆರಿಸ್ಬೇಡ" ಎಂದಳು. ಅವನು ಅದಕ್ಕೂ ಇಲ್ಲ ಎನ್ನಲಾರದೆ ಕೈ ತೆಗೆದ.

ಕೋಣೆ ಬೆಚ್ಚಗಾಗುತ್ತ ಬಂದ ಹಾಗೆ ಜನ ಚಿಗುರಿದರು. ಓಯ್ವಾ ಕಾಲು ಚಾಚಿ, ಹಿಮಗಟ್ಟಿದ ಸಮುದ್ರದಲ್ಲಿ ತೂತು ಕೊರೆದು ಮೀನು ಹಿಡಿಯಹೋಗಿ ತನ್ನ ಭಾವಮೈದುನ ಮೋಟರುಗಾಡಿಯನ್ನೇ ತೂತಿಗೆ ಇಳಿಸಿದ ಕತೆ ತೆಗೆದ. ಮೂವತ್ತಾರು. ರೌಹಾ ಶಾಲು ಸರಿಸಿದಳು, ಗಾಡಿಯಲ್ಲಿ ನಾಯಿಯೂ ಇತ್ತೇ ಎಂದು ಕೇಳಿದಳು. ನಾಯಿ ಈಜಿ ಬಂತು, ಭಾವಮೈದುನನನ್ನು ಎಳೆಯಬೇಕಾಯಿತು. ಮೂವತ್ತೊಂದು. ಹೊಸ ಕಾಫಿ ತರಿಸಿದರು, ಈ ಸಲ ಕುಡಿದರು. ತನ್ನ ಹದಿನಾರು ವರ್ಷದ ಕೆಲಸ ಮಗ್ಗುಲಲ್ಲಿ ಪ್ರಾಣ ಬಿಡುತ್ತಿರುವಾಗ ಎಲ್ಲರೂ ಇಷ್ಟು ಖುಷಿಯಾಗಿರುವುದು ಇಲ್ಪೋಗೆ ಅನ್ಯಾಯವೆನಿಸಿತು, ಆಮೇಲೆ ಯಾಕೋ ನಗು ಬಂತು. ನಕ್ಕೂಬಿಟ್ಟ, ಮೋಟರುಗಾಡಿಯ ಕತೆಗೆ ನಕ್ಕನೆಂದು ಓಯ್ವಾ ಇನ್ನೂ ಹುರುಪುಗೊಂಡ. ಇಪ್ಪತ್ತೆರಡು. ರೌಹಾ ನಗುನಗುತ್ತಲೇ ಪರದೆಯ ಕಡೆ ತಿರುಗಿದಳು. ನಗು ಅರ್ಧಕ್ಕೆ ನಿಂತಿತು. ಪರದೆ ನೋಡಿದಳು, ಮುಚ್ಚಿದ ಕಿಟಕಿ ನೋಡಿದಳು, ಕೊನೆಗೆ ಇಲ್ಪೋನನ್ನು ನೋಡಿದಳು. ಹೂಂ ಎನ್ನಲಿಲ್ಲ. ಗುರುವಾರ, ಕ್ಯಾಂಟೀನಿನಲ್ಲಿ ಬಟಾಣಿ ಸಾರು ಇರುತ್ತದೆ, ಬೇಗ ಹೋಗದಿದ್ದರೆ ತಳದ್ದು ಸಿಗುತ್ತದೆ ಎಂದು ಎದ್ದಳು. ಓಯ್ವಾ ನಲವತ್ತು ನಲವತ್ತು ಎಂದು ತನ್ನೊಳಗೇ ಹೇಳಿಕೊಳ್ಳುತ್ತ ಅವಳ ಹಿಂದೆ ನಡೆದ. ಅವನು ಪರದೆಯ ಕಡೆ ಮತ್ತೆ ತಿರುಗಿಯೇ ಇರಲಿಲ್ಲ.

ಮೊಗಸಾಲೆಯಲ್ಲಿ ಕಾಯಿಸು ಹಿಂದುಳಿದಳು. ಚಳಿಯಾಯಿತೆಂದಿದ್ದಕ್ಕೆ ಅವನು ಕ್ಷಮೆ ಕೇಳಲು ಬಾಯಿ ತೆರೆದ.

"ನಾನು ಇನಾರಿಯವಳು, ಇಲ್ಪೋ. ಅಷ್ಟು ಚಳೀಲಿ ನಾವು ಬಟ್ಟೆ ಒಣಗಿಸ್ತೀವಿ."

ನಿಮ್ಮಿಬ್ಬರ ಪ್ರಬಂಧ ಓದಿದ ದಿನವೇ ಅನುಮಾನ ಬಂದಿತ್ತು ಎಂದಳು. ಬೆಚ್ಚನೆಯ ಕೋಣೆಯಲ್ಲಿ ಆ ಮಿಶ್ರಣ ಹಾಗೆ ಬಾಗುವುದು ಸಾಧ್ಯವಿಲ್ಲ, ಅವಳಿಗೆ ಅದನ್ನು ಕಲಿಸಿದವರು ಚೆನ್ನಾಗಿಯೇ ಕಲಿಸಿದ್ದರು. ಹಾಗಾದರೆ ನೇರವಾಗಿ ಉಷ್ಣತೆ ಎಷ್ಟೆಂದು ಯಾಕೆ ಕೇಳಲಿಲ್ಲ ಎಂದ.

"ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ. ಆಮೇಲೆ ಆ ಸುಳ್ಳು ಇಟ್ಕೊಂಡು ನಾನೇನ್ ಮಾಡ್ಲಿ?" ಅವಳು ಸಿಟ್ಟಾಗಿರಲಿಲ್ಲ, ಮೆದುವಾಗಿಯೂ ಇರಲಿಲ್ಲ. "ಓಯ್ವಾಗೆ ನೀನೇ ಹೇಳು. ನೀನು ಹೇಳ್ದಿದ್ರೆ ನಾನು ಹೇಳ್ಬೇಕಾಗುತ್ತೆ, ನನ್ನ ಕೆಲ್ಸನೂ ಅದೇ." ಎರಡು ಹೆಜ್ಜೆ ಹೋದವಳು ತಿರುಗಿ, ಅವತ್ತು ತರಗತಿಯಲ್ಲಿ ತನಗೆ ಅಳು ಬಂದಿತ್ತು, ಆದರೆ ಗಾಳಿಸುದ್ದಿ ಎಂಬ ಮಾತು ಚೆನ್ನಾಗಿತ್ತು, ತಾನೂ ಈಗ ಕಿರಿಯರ ಮೇಲೆ ಬಳಸುತ್ತೇನೆ ಎಂದಳು.

ಇಲ್ಪೋಗೆ ತಳದ ಬಟಾಣಿ ಸಾರೇ ಸಿಕ್ಕಿತು. ಊಟವಾದ ಮೇಲೆ ರೌಹಾಳ ಕೋಣೆಗೆ ಹೋಗಿ, ಈ ಸಲ ಬನ್ನು ಕೈಗೆ ಬರುವುದಕ್ಕೆ ಮುಂಚೆಯೇ, ಕೆಟ್ಟ ಕೊಳವೆಯಿಂದ ಹಿಡಿದು ತೆರೆದ ಕಿಟಕಿಯವರೆಗೆ ಎಲ್ಲ ಹೇಳಿದ. ಅವಳು ಕಿಟಕಿಯಾಚೆಯ ಬಿಳಿಯನ್ನು ನೋಡುತ್ತ ಕೇಳಿದಳು. ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಕರೆಯುವುದು, ಬಹುವಚನ ಕೊಟ್ಟರೆ ಜಗಳವಾಗಿದೆಯೆಂದೇ ಅರ್ಥ. ಅವಳು ಈಗ ಬಾಯಿ ತೆರೆದರೆ ತನ್ನನ್ನು ನೀವು ಎನ್ನುತ್ತಾಳೆ ಎಂದು ಅವನು ಮೈ ಹಿಡಿ ಮಾಡಿಕೊಂಡು ನಿಂತಿದ್ದ. ಅವಳು ಬೇರೆಯೇ ಮಾತು ತೆಗೆದಳು. ಜಪಾನಿನಲ್ಲಿ ಒಬ್ಬ ಮುದುಕ ಎದ್ದು ಬಹಳ ನಯವಾಗಿ, ನಿಮ್ಮ ಕೋಣೆಯ ಉಷ್ಣತೆ ಎಷ್ಟಿತ್ತು ಎಂದು ಕೇಳಿದ್ದನಂತೆ. "ಇಪ್ಪತ್ತೆರಡು ಅಂದೆ. ನಿನ್ನನ್ನ ಕೇಳಿರ್ಲಿಲ್ಲ. ವಾಪಸ್ ಬಂದ ಮೇಲೂ ಕೇಳ್ಲಿಲ್ಲ. ಕೇಳಿದ್ರೆ ನೀನು ಹೇಳಿಬಿಟ್ಟೀಯ ಅಂತ ಭಯ."  ತನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು.

"ನೀನು ಫೋನಲ್ಲಿ ನಮ್ಮ ಇಲ್ಪೋ ಅಂದಿದ್ದೆ."

ರೌಹಾ ಯೋಚಿಸಿದಳು. "ನಾನು ನಾಯಿಗೂ ಹಾಗೇ ಅಂತೀನಿ" ಎಂದಳು.

 ಅವಳ ನಾಯಿ ಸತ್ತು ಎರಡು ವರ್ಷವಾಗಿತ್ತು. ಅದರ ಚಿತ್ರ ಇನ್ನೂ ಮೇಜಿನ ಮೇಲಿತ್ತು, ಗಂಡನದು ಇರಲಿಲ್ಲ. ತಿದ್ದುಪಡಿ ಬರೆದು ಕಳಿಸಬೇಕು, ಜಪಾನಿನ ಮುದುಕನಿಗೆ ತಾನೇ ಬೇರೆಯಾಗಿ ಬರೆಯುತ್ತೇನೆ ಎಂದಳು ರೌಹಾ.  ಮೂವತ್ತೈದು ವರ್ಷ ಪಿಂಗಾಣಿ ಸುಟ್ಟವಳು ಹೋಗುವಾಗ ಹಿಂದೆ ಬಿಟ್ಟುಹೋಗುವುದು ಒಂದು ತಿದ್ದುಪಡಿ. ಅವನು ಅದನ್ನು ಬಲ್ಲ. ಅವಳು ಬಲ್ಲಳೆಂದೂ ಬಲ್ಲ. "ಹೊಗಳಿಸ್ಕೊಳ್ಳೋವಾಗ ನನ್ನ ಹೆಸ್ರು ಮೊದ್ಲಿತ್ತು. ಇದ್ರಲ್ಲಿ ನಿಂದು ಮೊದ್ಲಿರ್ಲಿ" ಎಂದಳು. ಅವನು ಆಗಲಿ ಎಂದ.

ಕತ್ತಲಾಗುವ ಮೊದಲು ಅತಿಥಿಗಳಿಗೆ ಸೌನಾ, ಹಬೆಯ ಸ್ನಾನ. ಕಟ್ಟಡದ ನೆಲಮಾಳಿಗೆಯಲ್ಲಿತ್ತು, ಗಂಡಸರ ಸರದಿ ಮೊದಲು. ಮರದ ಜಗಲಿಯ ಮೇಲಿನ ಮೆಟ್ಟಿಲಲ್ಲಿ ಓಯ್ವಾ ಬರಿಮೈಯಲ್ಲಿ, ಬೆಂದ ಏಡಿಯಂತೆ ಕೆಂಪಗೆ, ಸಂತೋಷದಿಂದ ಹರಡಿಕೊಂಡಿದ್ದ. ಪಕ್ಕದಲ್ಲಿ ಇಲ್ಪೋ ಮೊಣಕಾಲು ಜೋಡಿಸಿ ಕೂತ. ಬಟ್ಟೆಯಿಲ್ಲದೆ ಕೂತು ಹೇಳುವಾಗ ಒಂದು ಅನುಕೂಲವಿದೆ, ಬೆವರಿಗೆ ಬೇರೆ ಕಾರಣ ಹೇಳಬಹುದು. ಆ ನಲವತ್ತು ಒಂಬತ್ತು ಡಿಗ್ರಿಯದು ಎಂದ. ಮನುಷ್ಯರು ಕೂರುವ ಕೋಣೆಯಲ್ಲಾದರೆ ಹದಿನಾಲ್ಕು. ಕಿಟಕಿ ತೆಗೆದದ್ದು ಅದಕ್ಕೇ. ಓಯ್ವಾ ಒಲೆಯ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಹೊಯ್ದ. ಚೊರ್ರೆಂದು ಎದ್ದ ಹಬೆ ಇಲ್ಪೋನ ಕಿವಿ ಸುಟ್ಟಿತು. 

"ಊಟ ಆದ್ಮೇಲೆ ಮೇಲಿನವ್ರಿಗೆ ಫೋನ್ ಮಾಡಿ ನಲವತ್ತು ಅಂತ ಹೇಳ್ಬಿಟ್ಟೆನಲ್ಲ" ಎಂದ ಓಯ್ವಾ.

 ಆಮೇಲೆ ಅವನೇ ಧ್ವನಿ ತಗ್ಗಿಸಿ, ಅಲ್ಲಿ ಕೇಳುವವರು ಯಾರೂ ಇಲ್ಲದಿದ್ದರೂ, ಬೇಸಿಗೆಯ ಹೊತ್ತಿಗೆ ಬೆಚ್ಚನೆಯ ಕೋಣೆಯಲ್ಲೂ ನಲವತ್ತು ಬರುವ ಹಾಗೆ ಮಾಡಿಕೊಡುವೆಯಾ ಎಂದು ಕೇಳಿದ. ಹಾಗಾದರೆ ಈಗ ಯಾರಿಗೂ ಏನೂ ಹೇಳಬೇಕಾಗಿಲ್ಲ, ಕಾಯಿಸುಳನ್ನು ತಾನು ನೋಡಿಕೊಳ್ಳುತ್ತೇನೆ. ಓಯ್ವಾ ಕೆಟ್ಟವನಲ್ಲ, ಕೇಳುವಾಗ ಅವನ ಮುಖದಲ್ಲಿದ್ದದ್ದು ಬೇಡಿಕೆ. ಒಬ್ಬ ದೊಡ್ಡ ಬರಿಮೈ ಮನುಷ್ಯ ಹೀಗೆ ಮುಖವೊಡ್ಡಿ ಬೇಡುವಾಗ ಆಗಲಿ ಎನ್ನುವುದು ಎಷ್ಟು ಸುಲಭ. ಇಲ್ಪೋನ ಕುತ್ತಿಗೆ ಅಭ್ಯಾಸಬಲದಿಂದ ಮುಂದಕ್ಕೆ ಬಾಗತೊಡಗಿತ್ತು. ಬಾಗುತ್ತಿರುವುದನ್ನು ಅವನೇ ನೋಡಿದ, ಪರದೆಯ ಮೇಲಿನ ಅಂಕೆ ನೋಡಿದ ಹಾಗೆ.

"ಆಗಲ್ಲ" ಎಂದ.

ಶಬ್ದ ಕೇಳಿ ಇಬ್ಬರೂ ಬೆಚ್ಚಿದರು. ಇಪ್ಪತ್ತೈದಾದರೂ ಆದೀತೇ ಎಂದು ಓಯ್ವಾ ಕೇಳಿದ. ಗೊತ್ತಿಲ್ಲ ಎಂದ ಇಲ್ಪೋ. ಗೊತ್ತಿಲ್ಲ ಅಂತ ಮೇಲಿನವರಿಗೆ ಹೇಗೆ ಹೇಳಲಿ ಎಂದದ್ದಕ್ಕೆ, ಹಾಗೇ ಹೇಳು ಎಂದ. ಓಯ್ವಾ ತಲೆ ಕೆರೆದುಕೊಂಡ, ಬೈಗುಳದಂಥದ್ದೇನೋ ಗೊಣಗಿದ. ಆಮೇಲೆ, ಸಿಟ್ಟೋ ಬೇಸರವೋ ಎಲ್ಲ ಬೆವರಿನ ಜೊತೆ ಇಳಿದುಹೋದಂತೆ, ಕಂಬದ ಕಷ್ಟ ಹೇಳತೊಡಗಿದ. ಈ ಸಲಕರಣೆ ಕೂರುವುದು ಕೋಣೆಯಲ್ಲಲ್ಲ, ಕಂಬದ ತುದಿಯಲ್ಲಿ. ಚಳಿಗಾಲದಲ್ಲಿ ಹಿಮ ಕಚ್ಚುತ್ತದೆ, ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ಈ ಸೌನಾದ ಕೆಳಮೆಟ್ಟಿಲಿನಷ್ಟು ಕಾಯುತ್ತದೆ. ಎಲ್ಲ ಕಾಲಕ್ಕೂ ಒಂದೇ ಹಾಗೆ ಇರುವುದಾದರೆ ಬಾಗು ಹತ್ತಿದ್ದರೂ ತನಗೆ ಸಾಕು, ಅಂಥದ್ದು ಇದೆಯೇ? ಇಲ್ಪೋ ಆಗುತ್ತೆ ಎನ್ನಲಿಲ್ಲ, ಯೋಚಿಸಿದ. ಒಂದೇ ಚಳಿಗೆ ಬಾಗುವ ಒಂದೇ ಪುಡಿಯ ಬದಲು, ಒಂದೊಂದು ಕಣ ಒಂದೊಂದು ಚಳಿಗೆ ಬಾಗುವ ಹಾಗೆ ಹಲವು ಪುಡಿಗಳನ್ನು ಬೆರೆಸಿ ಸುಟ್ಟರೆ? ಯಾವ ಕಾಲದಲ್ಲೂ ಯಾರೋ ಕೆಲವರು ಎದ್ದಿರುತ್ತಾರೆ, ಉಳಿದವರು ಮಲಗಿರುತ್ತಾರೆ. ನಲವತ್ತರ ಹತ್ತಿರವೂ ಸುಳಿಯುವುದಿಲ್ಲ. ಹತ್ತು ಆದರೂ ಆಗಬಹುದು, ಅಳೆದು ಹೇಳುತ್ತೇನೆ, ಉಷ್ಣತೆ ಸಮೇತ ಹೇಳುತ್ತೇನೆ ಎಂದ. ಹಾಗಾದರೆ ಅಂದುಕೊಂಡಿದ್ದ ದೊಡ್ಡ ಒಪ್ಪಂದ ಇಲ್ಲ, ಒಂದು ವರ್ಷದ ಸಣ್ಣದು, ಬಿಲ್ಲೆ ಅಳೆಯುವಾಗ ಕಾಯಿಸು ಬಂದು ಪಕ್ಕದಲ್ಲಿ ಕೂರುತ್ತಾಳೆ ಎಂದ ಓಯ್ವಾ. ಕೂರಲಿ, ಎಂದ ಇಲ್ಪೋ.

ಗೋಡೆಯಾಚೆ ಹೆಂಗಸರು ಬಂದು ತಮ್ಮ ಸರದಿಗೆ ಕಾಯುತ್ತಿರುವ ಸದ್ದು ಕೇಳಿಸಿತು. ರೌಹಾ ಏನೋ ಹೇಳಿದಳು, ಕಾಯಿಸು ನಕ್ಕಳು. ತನ್ನನ್ನೇ ಕುರಿತು ನಕ್ಕಿರಬೇಕು ಎಂದುಕೊಂಡ ಇಲ್ಪೋ, ನಗಲಿ ಎಂದೂ ಅಂದುಕೊಂಡ. ತಲೆ ಸ್ವಲ್ಪ ಸುತ್ತುತ್ತಿತ್ತು. ಇಷ್ಟು ಬಿಸಿ ಅವನಿಗೆ ಯಾವತ್ತೂ ಹಿಡಿಸಿದ್ದಲ್ಲ. ಹುಡುಗನಾಗಿದ್ದಾಗಿನಿಂದ ಅಪ್ಪನ ಪಕ್ಕ, ಮಾವನ ಪಕ್ಕ, ಸಂಘಗಳ ಅಧ್ಯಕ್ಷರ ಪಕ್ಕ ಕೂತು, ಇನ್ನೊಂದು ಸೌಟು ಹೊಯ್ಯಲೇ ಎಂದು ಅವರು ಕೇಳಿದಾಗಲೆಲ್ಲ ಹೊಯ್ಯಿ ಹೊಯ್ಯಿ ಎಂದು ಕಿವಿ ಬೇಯಿಸಿಕೊಂಡಿದ್ದ. ಓಯ್ವಾ ಬಕೆಟ್ಟಿನಲ್ಲಿ ಸೌಟು ಮುಳುಗಿಸಿ, ತುಂಬ ಎತ್ತಿ, ಅವನ ಕಡೆ ತಿರುಗಿ, ಹೊಯ್ಯಲಾ ಎಂದು ಹುಬ್ಬಿನಲ್ಲೇ ಕೇಳಿದ.

"ಬೇಡ" ಎಂದ ಇಲ್ಪೋ.

ಓಯ್ವಾ ಸೌಟನ್ನು ಹಾಗೇ ಬಕೆಟ್ಟಿಗೆ ಇಳಿಸಿದ.